ಡ್ರಿಲ್ ಮೇಷ್ಟರ ಕುರ್ಚಿ

ಡ್ರಿಲ್ ಮೇಷ್ಟರಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಕೇಳಿದ್ದರು. "ನೀವು ಗ್ರೌಂಡಲ್ಲಿ ಇರೋರಲ್ವಾ ಸಾರ್, ನಿಮಗ್ಯಾಕೆ ಕುರ್ಚಿ?" ಎಂದು ಹೆಡ್ ಮೇಡಂ ನಕ್ಕಿದ್ದರು. ಸರಿ ಎಂದು ಗ್ರೌಂಡಿಗೆ ಹೋದರೆ ಅಲ್ಲಿ ಮಕ್ಕಳಿರಲಿಲ್ಲ. ಮಕ್ಕಳನ್ನು ಲೆಕ್ಕದ ಮೇಷ್ಟರು ಇಟ್ಟುಕೊಂಡಿದ್ದರು. ಪರೀಕ್ಷೆ ಹತ್ತಿರ ಬಂತೆಂದು ಆಟದ ಪಿರಿಯಡ್ಡನ್ನು ಎರವಲು ಪಡೆಯುವುದು ಆ ಶಾಲೆಯ ಪದ್ಧತಿ. ಪರೀಕ್ಷೆ ಮುಗಿದ ಮಾರನೆಯ ದಿನದಿಂದಲೇ ಮುಂದಿನ ಪರೀಕ್ಷೆ ಹತ್ತಿರ ಬರಲು ಶುರುವಾಗುತ್ತಿತ್ತು. ಹಾಗೆ ಕೊಟ್ಟ ಪಿರಿಯಡ್ಡು ಎರವಲು ಕೊಟ್ಟ ಕೊಡೆಯಿದ್ದಂತೆ, ವಾಪಸು ಬಂದ ಚರಿತ್ರೆಯೇ ಇಲ್ಲ. ಕುರ್ಚಿ ಕೇಳಿದರೆ ಗ್ರೌಂಡ್ ಇದೆಯಲ್ಲ ಎನ್ನುವವರು, ಗ್ರೌಂಡ್ ಕೇಳಿದರೆ ಪರೀಕ್ಷೆ ಇದೆಯಲ್ಲ ಎನ್ನುತ್ತಿದ್ದರು. ಡ್ರಿಲ್ ಮೇಷ್ಟರು ಇಡೀ ದಿನ ವರಾಂಡದ ಕಂಬಕ್ಕೆ ಒರಗಿ ನಿಂತು, ಕೋಪ ಬಂದಾಗಲೆಲ್ಲ ಕೊರಳಿನ ಸೀಟಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದರು. ಅದರ ಮೂತಿಯ ಮೇಲೆ ಹಲ್ಲಿನ ಗುರುತು ಆಳವಾಗಿ ಬಿದ್ದಿತ್ತು.

ಒಂಬತ್ತನೇ ತರಗತಿಯವರಂತೂ ಈ ವರ್ಷ ಶಾಲೆ ಶುರುವಾದಾಗಿನಿಂದ ಗ್ರೌಂಡನ್ನು ಕಿಟಕಿಯಿಂದ ಮಾತ್ರ ನೋಡಿದ್ದರು. ಮೇಷ್ಟರು ಲೆಕ್ಕದ ಮೇಷ್ಟರ ಹತ್ತಿರ ಕಾಡಿ, ಬೇಡಿ, ಕೊನೆಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಎಲ್ಲರೆದುರು ಜಗಳವಾಡಿ ಒಂದು ಪಿರಿಯಡ್ಡನ್ನು ಬಿಡಿಸಿಕೊಂಡಿದ್ದರು. ಅದು ಇವತ್ತಿನ ಕೊನೆಯ ಪಿರಿಯಡ್ಡು.

ಬೆಳಿಗ್ಗೆ ಅವರು ಸೈಕಲ್ ಪಂಪಿನಿಂದ ಚೆಂಡಿಗೆ ಗಾಳಿ ಹೊಡೆಯುತ್ತಿದ್ದಾಗ ಒಂಬತ್ತನೆಯ ಹುಡುಗಿಯೊಬ್ಬಳು ಬಂದು ನಿಂತಳು. ಗೆರೆ ಎಳೆದ ಹಾಗೆ ಓಡುತ್ತಿದ್ದುದರಿಂದ ಅವಳನ್ನು ಎಲ್ಲರೂ ಬಾಣ ಎನ್ನುತ್ತಿದ್ದರು. ಓಡಿದ್ದು ಯಾವ ಕಾಲದಲ್ಲೋ, ಹೆಸರು ಮಾತ್ರ ಉಳಿದಿತ್ತು.

"ಸಾರ್, ಇವತ್ತು ಗ್ಯಾರಂಟಿನಾ?"

"ಗ್ಯಾರಂಟಿ ಕಣಮ್ಮ."

"ಹೋದ ಸಲಾನೂ ಗ್ಯಾರಂಟಿ ಅಂದಿದ್ರಿ."

"ಹೋದ ಸಲದ್ದು ಬೇರೆ, ಇದು ಬೇರೆ."

"ಹೆಂಗೆ ಬೇರೆ ಸಾರ್?"

"ಇವತ್ತು ಚೆಂಡಿಗೆ ಗಾಳಿ ಹಾಕಿದೀನಿ, ಕಾಣಲ್ವಾ?"

ಬಾಣ ಚೆಂಡನ್ನು ಒತ್ತಿ ನೋಡಿ, ಅರ್ಧ ನಂಬಿ ಹೋದಳು.

ಚೆಂಡು ಇನ್ನೂ ಕಂಕುಳಲ್ಲಿ ಇದ್ದಾಗಲೇ ಹೆಡ್ ಮೇಡಂ ಎಲ್ಲರನ್ನೂ ವರಾಂಡಕ್ಕೆ ಕರೆದರು.

"ಊಟ ಆದ ತಕ್ಷಣ ಎಲ್ಲಾ ಸ್ಟಾಫೂ ವೆಬಿನಾರಿಗೆ ಕೂರ್ಬೇಕು. ಮೇಲಿಂದ ಆದೇಶ ಬಂದಿದೆ. ಅರವತ್ತು ಶಾಲೆಗೆ ಒಟ್ಟಿಗೇ ತರಬೇತಿ."

"ಯಾವುದ್ರ ಬಗ್ಗೆ ಮೇಡಂ?" ಎಂದರು ಡ್ರಿಲ್ ಮೇಷ್ಟರು.

"ವಿದ್ಯಾರ್ಥಿ ಕ್ಷೇಮ."

"ಅಷ್ಟೊತ್ತು ವಿದ್ಯಾರ್ಥಿಗಳು?"

"ಕ್ಲಾಸಲ್ಲಿ ಕೂತಿರ್ತಾರೆ. ಹೊರಗಿಂದ ಚಿಲಕ ಹಾಕ್ಸಿ. ಗಲಾಟೆ ಕೇಳಿಸಿದ್ರೆ ವೆಬಿನಾರಿಗೆ ತೊಂದ್ರೆ."

ಮೇಷ್ಟರು ಆ ಮಾತನ್ನು ನುಂಗಲು ನೋಡಿದರು. ಆಗಲಿಲ್ಲ. "ಮಕ್ಕಳ ಕ್ಷೇಮಕ್ಕೆ ಮಕ್ಕಳಿಗೇ ಚಿಲಕ ಹಾಕೋದಾ ಮೇಡಂ?"

"ಎಲ್ಲದಕ್ಕೂ ಅಡ್ಡ ಮಾತಾಡ್ಬೇಡಿ ಸಾರ್."

"ನಮ್ಮ ಡ್ರಿಲ್ ಸಾರಿಗೆ ಕೂತು ಅಭ್ಯಾಸ ಇಲ್ಲ ಮೇಡಂ, ಪಾಪ," ಎಂದರು ಲೆಕ್ಕದ ಮೇಷ್ಟರು. ಎಲ್ಲರೂ ನಕ್ಕರು.

"ನನ್ನ ಕೊನೇ ಪಿರಿಯಡ್ ಏನಾಗುತ್ತೆ?"

"ಅದಕ್ಕೆ ಮುಂಚೆ ಮುಗಿಯುತ್ತೆ, ಆಮೇಲೆ ನಿಮ್ಮ ಪಾಡು. ಆದ್ರೆ ಒಂದು ಷರತ್ತಿದೆ. ಎಲ್ಲರ ಮುಖಾನೂ ಕೊನೇವರೆಗೆ ಕ್ಯಾಮೆರಾದಲ್ಲಿ ಕಾಣ್ಬೇಕು. ಒಬ್ಬರ ಮುಖ ತಪ್ಪಿದ್ರೂ ಇಡೀ ಶಾಲೆ ಮತ್ತೆ ಮೊದಲಿಂದ ಕೂರ್ಬೇಕಂತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಮೇಷ್ಟರು ಮನಸ್ಸಿನಲ್ಲೇ ಬೈದರು. ಆದರೆ ದಾರಿ ಒಂದೇ ಇತ್ತು. ಕೊನೆಯವರೆಗೆ ಮುಖ ತೋರಿಸಿಕೊಂಡು ಕೂತರೆ ಒಂಬತ್ತನೆಯವರಿಗೆ ಗ್ರೌಂಡು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಮುಳ್ಳಿನ ಮೇಲೆ ಕೂರಲೂ ಅವರು ಸಿದ್ಧರಿದ್ದರು. ಮುಳ್ಳಾದರೂ ಯಾರಾದರೂ ಕೊಡಬೇಕಲ್ಲ.

ಸ್ಟಾಫ್ ರೂಮಿನ ಗೋಡೆಯ ಟೀವಿಗೆ ಕ್ಯಾಮೆರಾ ಜೋಡಿಸಿದ್ದು ಕಂಪ್ಯೂಟರ್ ಮಿಸ್. ಆಕೆ ಡ್ರಿಲ್ ಮೇಷ್ಟರ ಹೆಂಡತಿಯ ತಂಗಿ. ಮನೆಯಲ್ಲಿ ಭಾವ, ಶಾಲೆಯಲ್ಲಿ ಸಾರ್. ಗಾಬರಿಯಾದರೆ ಎರಡೂ ಕಲಸಿಹೋಗುತ್ತಿತ್ತು. ಊಟದ ನಂತರ ತರಗತಿಗಳ ಚಿಲಕಗಳು ಒಂದರ ಹಿಂದೊಂದು ಬಿದ್ದವು. ಟೀವಿಯಲ್ಲಿ ಅರವತ್ತು ಶಾಲೆಗಳು ಅರವತ್ತು ಬೆಂಕಿಪೊಟ್ಟಣಗಳಂತೆ ಮೂಡಿದವು. "ಕೇಳಿಸ್ತಿದೆಯಾ?" ಎಂದು ಅರವತ್ತೂ ಪೊಟ್ಟಣಗಳು ಒಂದನ್ನೊಂದು ಕೇಳಿದವು. ಯಾರಿಗೂ ಯಾರದ್ದೂ ಕೇಳಿಸದೆ, ಎಲ್ಲರೂ ತಮ್ಮ ತಮ್ಮ ಸ್ಪೀಕರಿನ ಸದ್ದನ್ನು ತುತ್ತತುದಿಗೆ ಏರಿಸಿಕೊಂಡರು. ಆಮೇಲೆ ತಜ್ಞೆಯೊಬ್ಬರು ಕಾಣಿಸಿಕೊಂಡರು. ಅವರ ಹಿಂದೆ ಒಂದು ಕುಂಡದ ಗಿಡವಿತ್ತು. ಇಡೀ ತರಬೇತಿಯಲ್ಲಿ ಗಾಳಿ ಬೆಳಕು ಕಂಡ ಜೀವ ಅದೊಂದೇ.

"ಮೂರನೇ ಸಾಲಿನ ಶಾಲೆಯಲ್ಲಿ ಹಿಂದೆ ನಿಂತಿರೋ ಒಬ್ಬರ ತಲೆ ಕಾಣ್ತಿಲ್ಲ," ಎಂದರು ತಜ್ಞೆ. "ದಯವಿಟ್ಟು ಅವರ ತಲೆ ತನ್ನಿ."

ಎಲ್ಲರೂ ಹಿಂತಿರುಗಿ ನೋಡಿದರು. ಟೀವಿಯಲ್ಲಿ ಡ್ರಿಲ್ ಮೇಷ್ಟರು ಹೊಟ್ಟೆಯಿಂದ ಕುತ್ತಿಗೆವರೆಗೆ ಮಾತ್ರ ಇದ್ದರು.

"ತಲೆ ಇದೆ. ಕುರ್ಚಿ ಇಲ್ಲ," ಎಂದರು ಮೇಷ್ಟರು.

"ಎಲ್ಲಿಂದಾದ್ರೂ ತಗೊಂಬನ್ನಿ ಸಾರ್, ಮಾನ ಹೋಗ್ತಿದೆ," ಎಂದು ಹೆಡ್ ಮೇಡಂ ಪಿಸುಗುಟ್ಟಿದರು.

"ನಿಮ್ಮ ರೂಮಲ್ಲಿ ಒಂದು ಖಾಲಿ ಇದೆಯಲ್ಲ ಮೇಡಂ."

"ಅದು ಅತಿಥಿಗಳು ಬಂದ್ರೆ."

"ಯಾರಾದ್ರೂ ಬಂದಿದಾರಾ?"

"ಬಂದ್ರೆ ಅಂದೆ."

ಕಂಪ್ಯೂಟರ್ ಕೋಣೆಗೆ ಬೀಗ. ಗುಮಾಸ್ತರ ಕುರ್ಚಿಯಲ್ಲಿ ಗುಮಾಸ್ತರು. ಕೊನೆಗೆ ನರ್ಸರಿಯ ಆಯಾ ಒಂದು ಪುಟ್ಟ ಹಳದಿ ಪ್ಲಾಸ್ಟಿಕ್ ಕುರ್ಚಿ ಕೊಟ್ಟಳು. ಎರಡು ಕಡೆ ಕೈ, ಬೆನ್ನಿಗೆ ನಗುವ ಕರಡಿಯ ಚಿತ್ರ. "ಹುಷಾರು ಸಾರ್, ಇದು ಮೂರು ವರ್ಷದವರದ್ದು," ಎಂದಳು.

ಹಿಂದೆ ಕೂತರೆ ಮುಖ ಮುಚ್ಚಿಹೋಗುತ್ತಿತ್ತು. ಹಾಗಾಗಿ ಅವರನ್ನು ಎಲ್ಲರಿಗಿಂತ ಮುಂದೆ, ಕ್ಯಾಮೆರಾದ ಬಾಯಿಗೇ ಕೂರಿಸಿದರು. ಮೇಷ್ಟರು ಇಳಿದರು, ಇಳಿದರು, ಕೊನೆಗೆ ಬಾಟಲಿಗೆ ಬಿರಡೆ ಬಿದ್ದಂತೆ ಗಟ್ಟಿಯಾಗಿ ಕೂತರು. ಮೊಣಕಾಲು ಕಿವಿಯ ಪಕ್ಕಕ್ಕೆ ಬಂತು. ಒಮ್ಮೆ ಎದ್ದು ನೋಡಿದರು. ಕುರ್ಚಿಯೂ ಜೊತೆಗೇ ಎದ್ದಿತು. ಸದ್ದಿಲ್ಲದೆ ಮತ್ತೆ ಕೂತರು.

ತಜ್ಞೆಯ ಮುಖ ಅರಳಿತು. "ನೋಡಿ, ಈ ಸರ್ ಮಗುವಿನ ಮಟ್ಟಕ್ಕೆ ಇಳಿದು ಕೂತಿದ್ದಾರೆ. ನಾನು ಇದನ್ನೇ ಹೇಳೋಕೆ ಹೊರಟಿದ್ದು."

ಜೇಬಿನಲ್ಲಿ ಫೋನು ನಡುಗಿತು. ಮನೆಯಿಂದ.

"ರೀ, ನರ್ಸರಿ ಕುರ್ಚೀಲಿ ಸಿಕ್ಕಾಕೊಂಡಿದೀರಂತೆ?"

"ಯಾರಂದ್ರು?"

"ಫೋಟೋ ಬಂತು. ಪ್ಯಾಂಟ್ ಹರ್ಕೋಬೇಡಿ, ನೆಟ್ಟಗಿರೋದು ಅದೊಂದೇ."

ಮೇಷ್ಟರು ಕಂಪ್ಯೂಟರ್ ಮಿಸ್ಸಿನ ಕಡೆ ನೋಡಿದರು. ಆಕೆ ತಂತಿಯೊಂದನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದಳು.

ಪರದೆಯ ಮೇಲೆ ದೊಡ್ಡ ಅಕ್ಷರ ಬಂತು: ಆಟ ಮಗುವಿನ ಹಕ್ಕು. ಆಡದ ಮಗು ಬಾಡುತ್ತದೆ ಎಂದರು ತಜ್ಞೆ. ಬಿಸಿಲು ಕಾಣದ ಮಗುವಿನ ಮನಸ್ಸು ಕುಗ್ಗುತ್ತದೆ ಎಂದರು. ಮಕ್ಕಳನ್ನು ದೀರ್ಘಕಾಲ ಒಂದೇ ಕಡೆ ಕೂರಿಸುವುದು ಶಿಕ್ಷೆಗೆ ಸಮ ಎಂದರು. ಸ್ಟಾಫ್ ರೂಮಿನ ಎಲ್ಲ ತಲೆಗಳೂ ಹೌದೆಂದು ಆಡಿದವು. ಎಲ್ಲರಿಗಿಂತ ಜೋರಾಗಿ ಆಡಿದ ತಲೆ ಲೆಕ್ಕದ ಮೇಷ್ಟರದ್ದು. ಅವರ ತೊಡೆಯ ಮೇಲೆ ಒಂಬತ್ತನೆಯ ಉತ್ತರಪತ್ರಿಕೆಗಳಿದ್ದವು. ತಲೆ ಹೌದೆನ್ನುತ್ತಿತ್ತು, ಕೈ ಕೆಂಪು ಗೀಟು ಎಳೆಯುತ್ತಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ವರಾಂಡದ ಆಚೆಯ ಕಿಟಕಿಯ ಸರಳಿಗೆ ಒಂಬತ್ತನೆಯವರ ಮುಖಗಳು ಅಂಟಿಕೊಂಡಿದ್ದವು. ನಡುವೆ ಬಾಣ. ಅವಳು ಮೇಷ್ಟರನ್ನೇ ನೋಡುತ್ತಿದ್ದಳು.

"ಯಾರಿಗಾದ್ರೂ ಪ್ರಶ್ನೆ ಇದೆಯಾ?"

ಮೇಷ್ಟರು ಕೈ ಎತ್ತಿದರು. ಕಂಪ್ಯೂಟರ್ ಮಿಸ್ ಮೈಕಿನ ಗುಂಡಿಯತ್ತ ಬೆರಳು ಒಯ್ದಳು. ಹೆಡ್ ಮೇಡಂ ಆಕೆಯನ್ನು ದುರುಗುಟ್ಟಿ ನೋಡಿದರು. ಬೆರಳು ಅಲ್ಲೇ ನಿಂತಿತು. ಮೇಷ್ಟರಿಗೆ ಅದು ಕಾಣಲಿಲ್ಲ. ಅವರು ಎಷ್ಟೋ ವರ್ಷದಿಂದ ಕಚ್ಚಿ ಹಿಡಿದಿದ್ದನ್ನೆಲ್ಲ ಬಿಟ್ಟರು.

"ಅಮ್ಮಾ, ನೀವು ಹೇಳಿದ್ದೆಲ್ಲ ಸರಿ. ಈಗ ನೀವು ಹೇಳ್ತಿರೋ ಆ ಮಕ್ಕಳು ಎಲ್ಲಿದಾರೆ ಗೊತ್ತಾ? ಚಿಲಕದ ಒಳಗೆ. ನಿಮ್ಮ ಮಾತು ಕೇಳ್ಬೇಕು ಅಂತ ನಾವೇ ಹಾಕಿದ್ದು. ಅರವತ್ತು ಶಾಲೇಲೂ ಹಾಕಿರ್ತಾರೆ, ಕೇಳಿ ನೋಡಿ. ಆ ಹುಡುಗಿ ಓಡ್ತಿದ್ಲು. ಈಗ ನಡೆಯೋಕೂ ಅವಕಾಶ ಇಲ್ಲ. ಮಕ್ಕಳು ಬಾಡ್ತಾರೆ ಅಂತ ನಮಗೆ ಪಾಠ ಮಾಡೋಕೆ ಮಕ್ಕಳನ್ನ ಬಾಡಿಸ್ಬೇಕಾ? ಒಂದು ಚೆಂಡು, ಒಂದು ಗ್ರೌಂಡು, ಒಂದು ಪಿರಿಯಡ್ಡು. ಅಷ್ಟು ಕೊಟ್ಬಿಡಿ, ಈ ತರಬೇತಿನೇ ಬೇಡ."

ಟೀವಿಯಲ್ಲಿ ತಜ್ಞೆ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಧನ್ಯವಾದ ಸರ್. ನಿಮ್ಮ ಧ್ವನಿ ಬರ್ಲಿಲ್ಲ. ಆದ್ರೆ ಭಾವನೆ ಬಂತು."

ಮೇಷ್ಟರು ನಾದಿನಿಯನ್ನು ನೋಡಿದರು. "ಭಾವ... ಸಾರ್, ಮೇಡಂ ಕಣ್ಣು ಬಿಟ್ರು, ನಾನೇನ್ ಮಾಡ್ಲಿ?" ಎಂದಳು ಆಕೆ.

"ಮಾತಾಡಿ ಹಗುರ ಆಯ್ತಲ್ಲ, ಬಿಡಿ," ಎಂದರು ಲೆಕ್ಕದ ಮೇಷ್ಟರು ಪತ್ರಿಕೆಯಿಂದ ತಲೆ ಎತ್ತದೆ.

ಅಷ್ಟರಲ್ಲಿ ಕೊನೆಯ ಪಿರಿಯಡ್ಡಿನ ಗಂಟೆ ಹೊಡೆಯಿತು. ಮೇಷ್ಟರು ಎದ್ದರು. ಕುರ್ಚಿಯೂ ಎದ್ದಿತು. "ಕೂತ್ಕೊಳ್ಳಿ," ಎಂದರು ಹೆಡ್ ಮೇಡಂ. "ಮುಗೀಲಿ."

ಮುಗಿಯುವ ಹಾಗಿತ್ತು ಕೂಡ. ತಜ್ಞೆ ಕೈ ಮುಗಿಯಲು ಹೊರಟಿದ್ದರು. ಆಗ ಲೆಕ್ಕದ ಮೇಷ್ಟರು ಕೈ ಎತ್ತಿದರು. ಅವರಿಗೆ ಮೈಕು ತಕ್ಷಣ ಸಿಕ್ಕಿತು. "ಮೇಡಂ, ನಮ್ಮ ಸಿಬ್ಬಂದಿಯಲ್ಲಿ ಕೆಲವರಿಗೆ ಕೋಪ ಜಾಸ್ತಿ. ಒತ್ತಡ ಕಳೆಯೋಕೆ ಏನಾದ್ರೂ ಚಟುವಟಿಕೆ ಮಾಡಿಸ್ತೀರಾ? ಸ್ವಲ್ಪ ಹೊತ್ತಾದ್ರೂ ಪರವಾಗಿಲ್ಲ."

ಡ್ರಿಲ್ ಮೇಷ್ಟರ ಮೈ ಉರಿಯಿತು. ಕೈ ತಾನಾಗಿ ಕೊರಳಿಗೆ ಹೋಯಿತು, ಸೀಟಿ ತಾನಾಗಿ ಹಲ್ಲಿನ ನಡುವೆ ಬಂತು. ಕಚ್ಚಿದರು.

"ಒಳ್ಳೇ ಪ್ರಶ್ನೆ," ಎಂದರು ತಜ್ಞೆ. "ಎಲ್ಲರೂ ಕಣ್ಣು ಮುಚ್ಚಿ. ನಿಮ್ಮ ಉಸಿರಾಟ ನನಗೆ ಕೇಳಿಸ್ಬೇಕು, ಎಲ್ಲರ ಮೈಕನ್ನೂ ನಾನೇ ತೆರೀತಿದೀನಿ. ಏನೇ ಶಬ್ದ ಬಂದ್ರೂ ಕಣ್ಣು ಬಿಡ್ಬಾರ್ದು. ಅದು ನಿಮ್ಮ ಒತ್ತಡ ಹೊರಗೆ ಹೋಗ್ತಿರೋ ಶಬ್ದ. ಈಗ ಉಸಿರು ಎಳ್ಕೊಳ್ಳಿ, ಎದೆ ತುಂಬ. ಹಿಡ್ಕೊಳ್ಳಿ. ಈಗ ಬಾಯಿಂದ ಜೋರಾಗಿ ಬಿಡಿ."

ಡ್ರಿಲ್ ಮೇಷ್ಟರದು ಓಟದಲ್ಲಿ ಪಳಗಿದ ಎದೆ. ಎಳೆದುಕೊಂಡದ್ದನ್ನೆಲ್ಲ ಬಿಟ್ಟರು. ಸೀಟಿ ಬಾಯಲ್ಲೇ ಇತ್ತು.

ಶಾಲೆಗಳಲ್ಲಿ ಉದ್ದನೆಯ ಸೀಟಿಗೆ ಒಂದೇ ಅರ್ಥ. ಹೊರಗೆ ಬನ್ನಿ. ಮಗ್ಗಿ ಮರೆತವರೂ ಅದನ್ನು ಮರೆತಿರುವುದಿಲ್ಲ. ಆ ಸೀಟಿ ಅರವತ್ತು ಶಾಲೆಗಳ ತುತ್ತತುದಿಗೆ ಏರಿಸಿದ ಸ್ಪೀಕರುಗಳಿಂದ ಒಟ್ಟಿಗೇ ಕೂಗಿತು. ಇಲ್ಲಿ ಬಾಣ ಬಾಗಿಲ ಪಕ್ಕದ ಕಿಟಕಿಯಿಂದ ತೋಳು ತೂರಿಸಿ ಚಿಲಕ ಎಳೆದಳು. ಒಂಬತ್ತನೆಯವರು ಸೀಸೆಯಿಂದ ಚೆಲ್ಲಿದ ಹಾಗೆ ಹೊರಬಿದ್ದರು. ಅವರು ಓಡುತ್ತ ಓಡುತ್ತಲೇ ಎಂಟನೆಯ, ಏಳನೆಯ ಚಿಲಕ ತೆಗೆದರು.

ಮೇಷ್ಟರು ಕಣ್ಣು ಬಿಟ್ಟು ಟೀವಿ ನೋಡಿದರು. ಪೊಟ್ಟಣದಿಂದ ಪೊಟ್ಟಣಕ್ಕೆ ಅದೇ ಚಿತ್ರ. ಮುಂದೆ ಮೇಷ್ಟರುಗಳು, ಮಿಸ್ಸುಗಳು ಕಣ್ಣು ಮುಚ್ಚಿ ಋಷಿಗಳಂತೆ ಉಸಿರು ಬಿಡುತ್ತಿದ್ದರು. ಅವರ ಹಿಂದಿನ ಕಿಟಕಿಗಳಲ್ಲಿ, ಚಿಲಕ ಬಿಡಿಸಿಕೊಂಡ ಮಕ್ಕಳು ಓಡುತ್ತಿದ್ದರು. "ಒತ್ತಡ ಹೋಗ್ತಿದೆ, ಕೇಳಿಸ್ಕೊಳ್ಳಿ," ಎನ್ನುತ್ತಿದ್ದರು ತಜ್ಞೆ, ಅವರದ್ದೂ ಕಣ್ಣು ಮುಚ್ಚಿತ್ತು. ಲೆಕ್ಕದ ಮೇಷ್ಟರಿಗೆ ನಿದ್ದೆಯೇ ಬಂದಿತ್ತು.

ಡ್ರಿಲ್ ಮೇಷ್ಟರು ಚೆಂಡು ಎತ್ತಿಕೊಂಡು, ಕರಡಿ ಕುರ್ಚಿಯ ಸಮೇತ ಗ್ರೌಂಡಿಗೆ ಓಡಿದರು.

ಎಲ್ಲರ ಕಣ್ಣೂ ಮುಚ್ಚಿದ್ದರಿಂದ ಮೇಷ್ಟರ ಮುಖ ತಪ್ಪಿದ್ದು ಯಾರಿಗೂ ಕಾಣಲಿಲ್ಲ, ಕೊನೆಯ ಗಂಟೆಯವರೆಗೂ ಯಾರೂ ಯಾರನ್ನೂ ತಡೆಯಲೂ ಇಲ್ಲ. ಬಾಣ ಗ್ರೌಂಡಿನ ಆ ತುದಿಯಿಂದ ಈ ತುದಿಗೆ ಸುಮ್ಮನೆ ಓಡಿದಳು, ಚೆಂಡನ್ನು ಮುಟ್ಟಲೂ ಇಲ್ಲ. ಧೂಳು ಎದ್ದಿತು. ಬೆನ್ನಿಗೆ ಕರಡಿ ಕಟ್ಟಿಕೊಂಡ ಮೇಷ್ಟರನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು.

ಮಕ್ಕಳು ಮನೆಗೆ ಹೊರಟ ಮೇಲೆ ಹೆಡ್ ಮೇಡಂ ಕರೆಸಿದರು. ರೂಮಿಗೆ ಹೋದವರಿಗೆ ಕೂತ್ಕೊಳ್ಳಿ ಎನ್ನುವ ಅಗತ್ಯವಿರಲಿಲ್ಲ, ಕುರ್ಚಿ ಅವರ ಜೊತೆಗೇ ಬಂದಿತ್ತು. ಮೇಜಿನ ಮೇಲೆ ಫೋನಿತ್ತು, ಸ್ಪೀಕರ್ ಆನ್ ಆಗಿತ್ತು. ಆ ಕಡೆ, ವೆಬಿನಾರಿಗೆ ಆದೇಶ ಕಳಿಸಿದ್ದ ದೊಡ್ಡ ಸಾಹೇಬರು.

"ಸೀಟಿ ಊದಿದ್ದು ನೀವೇನಾ?"

ಮೇಷ್ಟರು ನಿರ್ಧರಿಸಿಬಿಟ್ಟಿದ್ದರು. ಕೆಲಸ ಹೋದರೆ ಹೋಗಲಿ, ಈ ಸಲ ಮೈಕು ತೆರೆದಿದೆ. "ನಾನೇ ಸಾಹೇಬ್ರೆ. ತಪ್ಪಾಯ್ತು ಅಂತ ಹೇಳಲ್ಲ. ಮಕ್ಕಳಿಗೆ ಬೇಕಾಗಿರೋದು ಆಟ, ವೆಬಿನಾರಲ್ಲ."

ಹೆಡ್ ಮೇಡಂ ಹಣೆ ಹಿಡಿದುಕೊಂಡರು.

"ಎಂಥಾ ಮಾತು ಹೇಳಿದ್ರಿ," ಎಂದರು ಸಾಹೇಬರು. "ಇದನ್ನ ವೆಬಿನಾರಲ್ಲಿ ಹೇಳ್ಬೇಕು ನೀವು."

"ಸಾಹೇಬ್ರೆ?"

"ತರಬೇತಿ ಆದ್ಮೇಲೆ ಮಕ್ಕಳ ಫೋಟೋ ಕಳ್ಸಿ ಅಂದಿದ್ವಿ. ಅರವತ್ತು ಶಾಲೆಯಿಂದ್ಲೂ ಬಂದಿದೆ. ಎಲ್ಲಾ ಮಕ್ಕಳೂ ನಗ್ತಿದಾರೆ ಕಣ್ರೀ. ಯಾವ ವೆಬಿನಾರಿಗೂ ಇಂಥಾ ಫಲಿತಾಂಶ ಬಂದಿರ್ಲಿಲ್ಲ. ಆ ತಜ್ಞೆನೂ ನಿಮ್ಮನ್ನೇ ಹೊಗಳಿದ್ರು, ಮಗುವಿನ ಮಟ್ಟಕ್ಕೆ ಇಳಿದ ವ್ಯಕ್ತಿ ಅಂತ. ಇನ್ಮೇಲೆ ದಿನಾ ವೆಬಿನಾರ್. ಆಟದ ಮಹತ್ವದ ಬಗ್ಗೆ. ಮಾತಾಡೋರು ನೀವೇ."

ಮೇಷ್ಟರು ಫೋನಿನತ್ತ ಬಗ್ಗಿದರು. "ದಿನಾನಾ? ಯಾವ ಹೊತ್ತಲ್ಲಿ?"

"ಪಾಠಕ್ಕೆ ತೊಂದ್ರೆ ಆಗ್ಬಾರ್ದಲ್ಲ. ಆಟದ ಪಿರಿಯಡ್ಡಲ್ಲಿ ಇಟ್ಕೊಳ್ಳಿ."

"ಮಕ್ಕಳು?"

"ಒಳಗಿರ್ಲಿ, ಗಲಾಟೆ ಆಗುತ್ತೆ. ಹಾಂ, ಆ ಸೀಟಿ ಮಾತ್ರ ಬೇಡ. ಮಕ್ಕಳು ಎದ್ದು ಬಂದುಬಿಡ್ತಾರೆ. ಮೇಡಂ, ಅದನ್ನ ಬೀರುವಲ್ಲಿ ಇಡಿ."

ಹೆಡ್ ಮೇಡಂ ಕೈ ಚಾಚಿದರು. ಹಲ್ಲಿನ ಗುರುತಿದ್ದ ಸೀಟಿ ಬೀರುವಿನೊಳಗೆ ಹೋಯಿತು. ಆಯಾ ಮತ್ತು ಗುಮಾಸ್ತರು ಸೇರಿ ಮೇಷ್ಟರನ್ನು ನರ್ಸರಿ ಕುರ್ಚಿಯಿಂದ ಎಳೆದರು. ಮೊದಲು ಕುರ್ಚಿ ಸೀಳಿತು, ಆಮೇಲೆ ಪ್ಯಾಂಟು. ಆಗ ಲೆಕ್ಕದ ಮೇಷ್ಟರು ಅತಿಥಿಗಳ ಕುರ್ಚಿಯನ್ನು ತಾವೇ ಹೊತ್ತು ತಂದು ಸ್ಟಾಫ್ ರೂಮಿನಲ್ಲಿ ಕ್ಯಾಮೆರಾದ ಎದುರು ಇಟ್ಟರು. ಮೆತ್ತೆಯ ಧೂಳನ್ನು ಕರವಸ್ತ್ರದಿಂದ ಒರೆಸಿದರು.

"ಬನ್ನಿ ಸಾರ್, ಕೂತು ನೋಡಿ. ನಿಮ್ಮ ಭಾಷಣದ ಹೊತ್ತಲ್ಲಿ ಒಂಬತ್ತನೇ ಕ್ಲಾಸನ್ನ ನಾನು ನೋಡ್ಕೊತೀನಿ. ಅವರಿಗೆ ಬೀಜಗಣಿತ ಬಾಕಿ ಇದೆ."

ಬಾಗಿಲಲ್ಲಿ ಬಾಣ ಚೆಂಡು ಹಿಡಿದು ನಿಂತಿದ್ದಳು, ವಾಪಸು ಕೊಡಲು ಬಂದವಳು. ಮುಖವೆಲ್ಲ ಧೂಳು, ಇನ್ನೂ ಏದುಸಿರು.

"ಸಾರ್, ಇನ್ನೊಂದ್ಸಲ ಯಾವಾಗ?"

ಮೇಷ್ಟರ ಕೈ ಕೊರಳಿಗೆ ಹೋಯಿತು. ಅಲ್ಲಿ ಕಚ್ಚಲು ಏನೂ ಇರಲಿಲ್ಲ. ಹರಿದ ಪ್ಯಾಂಟನ್ನು ಮರೆಮಾಡಲು ಬೇರೆ ದಾರಿ ಕಾಣದೆ ಅವರು ಕುರ್ಚಿಯಲ್ಲಿ ಕೂತರು.

ಸಿಕ್ಕಿದ್ದು ಕುರ್ಚಿ ಒಂದು. ಹೋದದ್ದು ಸೀಟಿ ಒಂದು, ನರ್ಸರಿಯ ಕರಡಿ ಕುರ್ಚಿ ಒಂದು, ನೆಟ್ಟಗಿದ್ದ ಪ್ಯಾಂಟು ಒಂದು, ಅರವತ್ತು ಶಾಲೆಗಳಲ್ಲಿ ದಿನಕ್ಕೆ ಪಿರಿಯಡ್ಡು ಒಂದು.